ಮೈಮುರಿದು ದುಡಿಯುವವರ ಸಾಲಿನಲ್ಲಿ ನಮ್ಮನೆಯವರು

ಕಾಫಿ ಕೊಯ್ಲು ಅರ್ಧಕ್ಕೆ ಬಂದಿದ್ದ ಒಂದು ಬೆಳಿಗ್ಗೆ ಗೋಣಿಚೀಲ ತರೋಣವೆಂದು ಗೋದಾಮಿನ ಬಾಗಿಲು ತೆಗೆದರೆ, ಒಳಗೆ ನಮ್ಮನೆಯವರು ಎರಡೂ ಕೈಯಲ್ಲಿ ತಕ್ಕಡಿಯ ಕೊಕ್ಕೆ ಹಿಡಿದು, ಕಾಲು ಮಡಚಿ, ಬಲಿತ ಬಾಳೆಗೊನೆಯ ಹಾಗೆ ತೂಗಾಡುತ್ತಿದ್ದರು. ಹಣ್ಣು ಕೊಯ್ದವರ ಚೀಲ ತೂಗಲೆಂದು ತೊಲೆಗೆ ಕಟ್ಟಿರುವ ತಕ್ಕಡಿ ಅದು. ಅದಕ್ಕೆ ಜೀವವಿರುವ ವಸ್ತುವನ್ನು ತೂಗಿ ಅಭ್ಯಾಸವಿಲ್ಲ. ತೊಲೆ ಕಿರ್ರೆನ್ನುತ್ತಿತ್ತು.

"ಏನ್ರೀ ಇದು ಅವತಾರ?" ಎಂದೆ.

"ಮೊದ್ಲು ಮುಳ್ಳು ನೋಡು ಮಾರಾಯ್ತಿ, ಎಲ್ಲಿಗೆ ಬಂದಿದೆ? ನಂಗೆ ತಲೆ ಎತ್ತಕ್ಕಾಗ್ತಿಲ್ಲ."

ನೋಡಿದೆ. ಬಚ್ಚಲ ಪಕ್ಕದಲ್ಲಿಟ್ಟಿದ್ದ ಹೊಸ ತೂಕದ ಯಂತ್ರ ಏನು ಹೇಳಿತ್ತೋ ಇದೂ ಅದನ್ನೇ ಹೇಳುತ್ತಿತ್ತು. ಹೊಸ ಯಂತ್ರ ಸುಳ್ಳು ಹೇಳುತ್ತದೆಂದು ಅವರು ಒಂದು ವಾರದಿಂದ ದೂರುತ್ತಿದ್ದರು. ಹಳೆಯ ತಕ್ಕಡಿಯಾದರೂ ತಮ್ಮ ಕೈಬಿಡಲಾರದೆಂದು ನಂಬಿ ಬಂದಿದ್ದರು ಪಾಪ. ನಾನು ಸಂಖ್ಯೆ ಓದಿ ಹೇಳಿದ ಕೂಡಲೇ ಕೊಕ್ಕೆ ಬಿಟ್ಟು ನೆಲಕ್ಕಿಳಿದು, "ಕಾಲಲ್ಲಿ ಚಪ್ಪಲಿ ಇದೆಯಲ್ಲ, ಅದಕ್ಕೆ" ಎಂದರು.

ಆ ಕೊಕ್ಕೆ ಕಂಡರೆ ನನಗೆ ನೆನಪಾಗುವುದೇ ಬೇರೆ. ನನ್ನ ತವರು ಕಳಸದ ಕಡೆ. ಸಣ್ಣವರಿದ್ದಾಗ, ಸಂಜೆ ಕೊಯ್ದವರ ಚೀಲಗಳ ತೂಕವೆಲ್ಲ ಮುಗಿದ ಮೇಲೆ, ತೋಟದ ಲೆಕ್ಕ ನೋಡುತ್ತಿದ್ದ ರೈಟರ್ ನಮ್ಮನ್ನೂ ಒಬ್ಬೊಬ್ಬರನ್ನಾಗಿ ಗೋಣಿಚೀಲದಲ್ಲಿ ಕೂರಿಸಿ ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ಚೀಲದೊಳಗೆ ಕಾಫಿ ಹಣ್ಣಿನ ಅಂಟು, ಹುಳಿ ವಾಸನೆ. ಕಣ್ಣು ಮುಚ್ಚಿಕೊಂಡು ಗಾಳಿಯಲ್ಲಿ ತಿರುಗುವಾಗ ಹೊಟ್ಟೆಯಲ್ಲಿ ಆಗುತ್ತಿದ್ದ ಆ ಕಚಗುಳಿ ಮುಂದೆ ಯಾವ ಜಾತ್ರೆಯ ತೊಟ್ಟಿಲಿನಲ್ಲೂ ಸಿಗಲಿಲ್ಲ. ಯಾರ ತೂಕ ಹೆಚ್ಚೋ ಅವರು ಗೆದ್ದ ಹಾಗೆ. ನಾನು ಒಣಕಲು. ನನ್ನ ಚಿಕ್ಕಪ್ಪನ ಮಗಳು ಪ್ರತಿ ವರ್ಷ ಗೆಲ್ಲುವುದನ್ನು ಸಹಿಸಲಾಗದೆ ಒಂದು ಸಲ ಫ್ರಾಕಿನ ಜೇಬಿಗೆ ಕಲ್ಲು ತುಂಬಿಕೊಂಡು ಚೀಲದಲ್ಲಿ ಕೂತಿದ್ದೆ. ಗೆದ್ದೆ ಕೂಡ. ಅಜ್ಜಿ ಸಂತೋಷದಿಂದ ನನ್ನ ದೃಷ್ಟಿ ತೆಗೆದರು. ಅಂದು ಹೆಚ್ಚು ತೂಗಲು ಕಲ್ಲು ಹುಡುಕಿದವಳು ನಾನು. ಇಂದು ಕಡಿಮೆ ತೂಗಲು ಚಪ್ಪಲಿಯ ಮೇಲೆ ತಪ್ಪು ಹೊರಿಸುವವರು ಇವರು. ಜೋಡಿ ಸರಿಯಾಗಿಯೇ ಕೂಡಿದೆ.

ಇಷ್ಟಕ್ಕೆಲ್ಲ ಕಾರಣ ದೀಪಾವಳಿಯ ನಂತರ ಚಿಕ್ಕಮಗಳೂರಿನಲ್ಲಿ ಒಬ್ಬ ಡಾಕ್ಟರಮ್ಮನಿಗೆ ಇವರ ಮಂಡಿ ತೋರಿಸಿದ್ದು. ಎಳೆಯ ವಯಸ್ಸಿನ ಹುಡುಗಿ, ಆದರೆ ಮಾತು ಖಡಕ್. ಎಕ್ಸ್‌ರೇ ಹಿಡಿದು ನೋಡಿ, "ಮಂಡಿ ಇನ್ನೂ ಚೆನ್ನಾಗಿದೆ ಸರ್. ಅದರ ಮೇಲೆ ಕೂತಿರೋ ಭಾರ ಚೆನ್ನಾಗಿಲ್ಲ. ಮಳೆಗಾಲದೊಳಗೆ ತೂಕ ಇಳಿಸಿ. ಇಲ್ಲ ಅಂದ್ರೆ ತೋಟದ ಏರು ಹತ್ತೋದನ್ನ ಮರೆತುಬಿಡಿ" ಎಂದರು.

ಏರು ಎಂದ ಕೂಡಲೇ ಇವರ ಮುಖ ಸಪ್ಪಗಾಯಿತು. ಯಾಕೆಂದು ನನಗೆ ಗೊತ್ತು. ಆಲ್ದೂರಿನಿಂದ ಒಳಗೆ ಹೋಗುವ ರಸ್ತೆಯ ಬದಿಗೆ ನಮ್ಮ ತೋಟ. ದೊಡ್ಡದೇನಲ್ಲ. ಆದರೆ ಅದರ ತುದಿಯಲ್ಲಿ ಒಂದು ದಿಣ್ಣೆಯಿದೆ. ದಿಣ್ಣೆಯ ತಲೆಯ ಮೇಲೆ ಚಪ್ಪಟೆಯಾದ ಒಂದು ಕಲ್ಲು. ಅಲ್ಲಿ ನಿಂತರೆ ತೋಟವೆಲ್ಲ ಕಾಲಡಿಗೆ ಕಾಣುತ್ತದೆ. ಜೀಪು ಹೋಗುವುದಿಲ್ಲ, ಕಾಲುಹಾದಿಯೇ ಗತಿ. ನಮ್ಮ ಮಾವನವರು ಬದುಕಿದ್ದಷ್ಟು ಕಾಲ ದಿನಾ ಆ ಕಲ್ಲಿನ ತನಕ ನಡೆದುಹೋಗುತ್ತಿದ್ದರು ಎಂಬುದು ನಮ್ಮ ಮನೆತನದ ದೊಡ್ಡ ಹೆಮ್ಮೆ. ಬೇರೆಯವರ ಮನೆಗಳಲ್ಲಿ ಹುಲಿ ಹೊಡೆದ ಕಥೆಯಿದ್ದರೆ ನಮ್ಮಲ್ಲಿ ಕಲ್ಲಿನ ತನಕ ನಡೆದ ಕಥೆ. "ಜೀಪಲ್ಲಿ ಕೂತು ತೋಟ ನೋಡೋನು ತೋಟ ನೋಡಲ್ಲ, ರಸ್ತೆ ನೋಡ್ತಾನೆ" ಎಂದು ಅವರು ಹೇಳುತ್ತಿದ್ದರಂತೆ. ಗೋಡೆಯ ಮೇಲಿನ ಫೋಟೋದಲ್ಲೂ ಅವರ ಕೈಯಲ್ಲಿ ಊರುಗೋಲಿದೆ, ತಲೆಗೆ ಹ್ಯಾಟಿದೆ, ಕಣ್ಣು ಇಂಥದೇ ಏನೋ ಹೇಳಲು ಹೊರಟ ಹಾಗಿದೆ.

ಇವರು ಆ ಕಲ್ಲಿಗೆ ಹೋಗಿ ಎರಡು ವರ್ಷವಾಗಿತ್ತು. ಕೇಳಿದರೆ, ಪುರುಸೊತ್ತಿಲ್ಲ ಎನ್ನುತ್ತಿದ್ದರು.

ಡಾಕ್ಟರಮ್ಮ ಹೇಳಿದಂತೆ ಮನೆಗೆ ಬಂದು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡರು. ತಿಂದದ್ದನ್ನೆಲ್ಲ ಅದಕ್ಕೆ ಹೇಳಬೇಕು. ಎಷ್ಟು ಕ್ಯಾಲೊರಿ ಆಯಿತು, ಇನ್ನೆಷ್ಟು ತಿನ್ನಬಹುದು ಎಂದು ಅದು ಹೇಳುತ್ತದೆ. ಆದರೆ ಶುರು ಮಾಡುವ ಮೊದಲು ಅದಕ್ಕೊಂದು ಕುತೂಹಲ. ನೀವು ದಿನಕ್ಕೆ ಎಷ್ಟು ಓಡಾಡುವ ಪೈಕಿ? ನಾಲ್ಕು ಸಾಲು ತೋರಿಸಿ ಒಂದನ್ನು ಒತ್ತಿ ಎನ್ನುತ್ತದೆ. ಮೊದಲನೆಯದು ದಿನವಿಡೀ ಕೂತಿರುವವರು. ಆಮೇಲೆ ಸ್ವಲ್ಪ ಓಡಾಡುವವರು, ಸಾಕಷ್ಟು ಓಡಾಡುವವರು. ಕಟ್ಟಕಡೆಗೆ ಮೈಮುರಿದು ದುಡಿಯುವವರು. ಇಂಗ್ಲಿಷಿನಲ್ಲಿದ್ದದ್ದನ್ನು ಇವರು ನನಗೂ ಅತ್ತೆಗೂ ಹೀಗೆ ಕನ್ನಡದಲ್ಲಿ ಓದಿ ಹೇಳಿದರು. ಓದುವಾಗ ಕೊನೆಯದನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿ ಓದಿದರು.

ಇವರ ದಿನಚರಿ ನನಗೆ ಬಾಯಿಪಾಠ. ಬೆಳಿಗ್ಗೆ ಕಾಫಿ ಕುಡಿದು ಜೀಪು ಹತ್ತುತ್ತಾರೆ. ಕೊಯ್ಲು ನಡೆಯುವಲ್ಲಿಗೆ ಹೋಗಿ ಎಂಜಿನ್ ಆರಿಸದೆ ಮೇಸ್ತ್ರಿಯನ್ನು ಕರೆದು ಎರಡು ಮಾತು ಕೇಳುತ್ತಾರೆ. ಅಲ್ಲಿಂದ ಆಲ್ದೂರಿಗೆ. ಅಲ್ಲಿ ಕಾಫಿಯ ರೇಟು ಇಳಿದಿದ್ದರೆ ಬೇಸರಕ್ಕೆ ಒಂದು ಕಾಫಿ, ಏರಿದ್ದರೆ ಖುಷಿಗೆ ಒಂದು ಕಾಫಿ. ಬರುವ ದಾರಿಯಲ್ಲಿ ನೆಂಟರ ಮನೆ ಸಿಕ್ಕರೆ ಇಳಿಯದೆ ಬರುವಂತಿಲ್ಲ, ಇಳಿದರೆ ತಿನ್ನದೆ ಏಳುವಂತಿಲ್ಲ. ನಮ್ಮ ಕಡೆ ಬರೀ ಕಾಫಿ ಕುಡಿದು ಎದ್ದುಬಂದರೆ ಆ ಮನೆಯ ಹೆಂಗಸು ಮುಂದಿನ ಮದುವೆಮನೆಯಲ್ಲಿ ಸಿಕ್ಕಾಗ ನನ್ನನ್ನು ವಿಚಾರಿಸಿಕೊಳ್ಳುತ್ತಾಳೆ. ಇಷ್ಟೆಲ್ಲ ಮುಗಿಸಿ ಮಧ್ಯಾಹ್ನ ಮನೆಗೆ ಬಂದು ಹ್ಯಾಟು ತೆಗೆದು, "ಉಸ್ಸಪ್ಪಾ, ತೋಟ ಸುತ್ತಿ ಸಾಕಾಯ್ತು" ಎನ್ನುತ್ತಾರೆ. ಅದು ಸುಳ್ಳೆಂದು ಅವರಿಗೆ ಅನ್ನಿಸುವುದೂ ಇಲ್ಲ. ಅವರ ಅಪ್ಪ ಅದನ್ನೇ ಹೇಳುತ್ತಿದ್ದರು. ಅದೇ ತೋಟ, ಅದೇ ಮಾತು. ನಡುವೆ ನಾಲ್ಕು ಚಕ್ರ ಬಂದು ಸೇರಿಕೊಂಡದ್ದು ಮಾತಿಗೆ ಗೊತ್ತಾಗಿಲ್ಲ.

"ತೋಟದ ಕೆಲಸ ಅಂದ್ರೆ ಇದೇ ಅಲ್ವಾ ಮತ್ತೆ?" ಎಂದು ನಾಲ್ಕನೆಯ ಸಾಲು ಒತ್ತಿದರು. ಮೈಮುರಿದು ದುಡಿಯುವವರು.

ಆಮೇಲೆ ನನ್ನ ಕಡೆ ನೋಡಿ, "ನಿಂದೂ ಹಾಕ್ತೀನಿ ಇರು, ಇಬ್ರೂ ಒಟ್ಟಿಗೆ ಇಳಿಸೋಣ" ಎಂದರು. ನನಗೂ ಸೀರೆಯ ನೆರಿಗೆ ಮೊದಲಿನಷ್ಟು ಬರುತ್ತಿಲ್ಲ, ಸುಳ್ಳು ಹೇಳುವುದೇಕೆ. ವಯಸ್ಸು, ಎತ್ತರ, ತೂಕ ಎಲ್ಲ ಹೇಳಿದೆ. ತೂಕ ಹೇಳುವಾಗ ಸ್ವಲ್ಪ ಕಮ್ಮಿ ಹೇಳಿದೆ. ಓಡಾಟದ ಪ್ರಶ್ನೆ ಬಂದಾಗ ಅವರು ನನ್ನನ್ನು ಕೇಳಲೇ ಇಲ್ಲ. "ನೀನು ಮನೇಲೇ ಇರ್ತೀಯಲ್ಲ" ಎಂದು ಮೊದಲನೆಯದನ್ನು ಒತ್ತಿಬಿಟ್ಟರು. ದಿನವಿಡೀ ಕೂತಿರುವವರು.

ಜಗಲಿಯ ಕುರ್ಚಿಯಲ್ಲಿದ್ದ ಅತ್ತೆ ಬಿಡುತ್ತಾರೆಯೇ? ಎಂಬತ್ತು ದಾಟಿದವರು. ಮನೆಯಲ್ಲಿ ಯಾರಿಗೆ ಏನು ಕೊಟ್ಟರೂ ತನಗೊಂದು ಪಾಲು ಬೇಕು, ಅದು ಮಾತ್ರೆಯಾದರೂ ಸರಿ.

"ಎಂತದೋ ಅದು? ನಂದೂ ಹಾಕೋ ಮಗ."

"ನಿನಗ್ಯಾಕಮ್ಮ? ನಿನ್ನ ಮೈಮೇಲೆ ಇಳಿಸಕ್ಕೆ ಏನಿದೆ?"

"ಇರ್ಲಿ, ಹಾಕು. ನಾನೇನು ಈ ಮನೆಯೋಳಲ್ವಾ?"

ಅವರದನ್ನೂ ಹಾಕಿದರು. ಮೊದಲನೆಯ ಸಾಲೇ. ಅತ್ತೆಗೆ ಅದನ್ನು ಓದಿ ಹೇಳಿದಾಗ ಏನೋ ಹೇಳಲು ಬಾಯಿ ತೆರೆದವರು, ಮತ್ತೆ ಎಲೆ ಅಡಿಕೆ ಹಾಕಿಕೊಂಡು ಸುಮ್ಮನಾದರು.

ಹೀಗೆ ನಮ್ಮ ಮನೆಯಲ್ಲಿ ಒಬ್ಬ ಶ್ರಮಜೀವಿ, ಇಬ್ಬರು ಸೋಮಾರಿಗಳು ಎಂದು ಫೋನಿನಲ್ಲಿ ದಾಖಲಾಯಿತು. ಶ್ರಮಜೀವಿಗೆ ಆ್ಯಪು ಬೇಕಾದಷ್ಟು ತಿನ್ನಲು ಬಿಟ್ಟಿತು. ನನಗೆ ಕೊಟ್ಟದ್ದು ಗುಬ್ಬಿ ಕೂಡ ಇನ್ನೊಮ್ಮೆ ಕೇಳುವಷ್ಟು. ನಾನು ಆ ಕ್ಷಣವೇ ಕಣದ ಕಡೆ ಕೈ ತೋರಿಸಿ, "ರೀ, ಅಲ್ಲಿ ಹರವಿರೋ ಕಾಫಿ ತಾನೇ ಮಗ್ಗಲು ತಿರುಗ್ತದಾ?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಹಟ ಬಂತು. ಕೂತಿರುವವಳು ಎಂದಿರಾ? ಕೂತಿರುವವಳ ಹಾಗೇ ತಿಂದು ತೋರಿಸುತ್ತೇನೆ, ಯಾರು ಇಳಿಯುತ್ತಾರೋ ನೋಡೋಣ. ಫ್ರಾಕಿನ ಜೇಬಿಗೆ ಕಲ್ಲು ತುಂಬಿಕೊಂಡವಳ ಬುದ್ಧಿ ಎಲ್ಲಿಗೆ ಹೋಗುತ್ತದೆ?

ಇವರು ನಿಷ್ಠೆಯಿಂದ ಶುರು ಮಾಡಿದರು. ತಿಂದದ್ದನ್ನೆಲ್ಲ ಫೋನಿಗೆ ಹೇಳಿಯೇ ಕೈ ತೊಳೆಯುವುದು. ಆದರೆ ಆ ಆ್ಯಪಿಗೆ ನಮ್ಮ ಊಟ ಗೊತ್ತಿಲ್ಲ. ಹೆಸರೇ ಕೇಳದ ದೇಶಗಳ ತಿಂಡಿಯೆಲ್ಲ ಅದಕ್ಕೆ ಗೊತ್ತು, ಕಡುಬು ಗೊತ್ತಿಲ್ಲ. ಇವರು ಕಡುಬನ್ನು "ಇಡ್ಲಿ, ಸಣ್ಣದು" ಎಂದು ಹಾಕಿದರು. ನಮ್ಮ ಕಡುಬು ಮುಷ್ಟಿಗಿಂತ ದೊಡ್ಡದು. ಅಕ್ಕಿರೊಟ್ಟಿಯನ್ನು "ಚಪಾತಿ, ಎಣ್ಣೆ ಹಾಕದ್ದು" ಎಂದರು. ಅದರ ಮೇಲಿನ ಬೆಣ್ಣೆಗೆ ಹೆಸರೇ ಇಡಲಿಲ್ಲ. ಒಂದು ಸೋಮವಾರ ಹೊರನಾಡಿನ ದೇವಸ್ಥಾನಕ್ಕೆ ಹೋಗಿದ್ದೆವು. ಊಟಕ್ಕೆ ಕೂತಾಗ ಇವರು ಫೋನು ಜೇಬಿಗೆ ಹಾಕಿದರು.

"ಇದನ್ನ ಹಾಕಲ್ವಾ?" ಎಂದೆ.

"ಪ್ರಸಾದಕ್ಕೆ ಕ್ಯಾಲೊರಿ ಇರಲ್ಲ ಮಾರಾಯ್ತಿ" ಎಂದು ಎರಡನೆಯ ಸಲ ಪಾಯಸ ಹಾಕಿಸಿಕೊಂಡರು.

ಇಷ್ಟಾದರೂ ಸಂಜೆ ಹೊತ್ತಿಗೆ ಆ್ಯಪಿನಲ್ಲಿ ಇನ್ನೂ ಮಿಕ್ಕಿರುತ್ತಿತ್ತು. ಮೈಮುರಿದು ದುಡಿಯುವವರಿಗೆ ಕೊಡುವುದೇ ಅಷ್ಟು. ಮಿಕ್ಕಿದ್ದನ್ನು ಬಿಡಲು ಇವರಿಗೆ ಮನಸ್ಸು ಬರುತ್ತಿರಲಿಲ್ಲ. "ಇನ್ನೂ ಇಷ್ಟು ತಿನ್ನಬೇಕಂತೆ" ಎಂದು ಕೋಡುಬಳೆಯ ಡಬ್ಬಿ ಇಳಿಸಿಕೊಳ್ಳುತ್ತಿದ್ದರು. ಮೊದಲು ಹಸಿವಾದಾಗ ತಿನ್ನುತ್ತಿದ್ದವರು ಈಗ ಕರ್ತವ್ಯವೆಂದು ತಿನ್ನತೊಡಗಿದರು. ತೂಕದ ಯಂತ್ರ ಮೇಲಕ್ಕೇ ಹೋಯಿತು. ಹಾಗಾಗಿಯೇ ಆ ಬೆಳಿಗ್ಗೆ ಕೊಕ್ಕೆಗೆ ಜೋತುಬಿದ್ದದ್ದು.

ನಾನಾದರೋ ಇಳಿಯುತ್ತಿದ್ದೆ. ಮದುವೆಯೊಂದರಲ್ಲಿ ಯಾರೋ, "ಸರೋಜಕ್ಕ, ಸಣ್ಣಗಾಗಿದೀರ" ಎಂದರು. ಮೊದಲಾಗಿದ್ದರೆ ಇದು ಮರುಕದ ಮಾತು, ಈಗ ಹೊಗಳಿಕೆ. ನಾನು ನೆಲದ ಮೇಲಿರಲಿಲ್ಲ. ಮನೆಗೆ ಬಂದು ಇವರ ಎದುರು ಆ ಸೀರೆಯಲ್ಲೇ ನಾಲ್ಕು ಸಲ ಓಡಾಡಿದೆ. ಇವರು ಮುಖ ಹುಳ್ಳಗೆ ಮಾಡಿಕೊಂಡು, "ನಿಂಗೇನು, ಮನೇಲಿ ಕೂತು ಲೆಕ್ಕ ಇಡ್ಬಹುದು. ಹೊರಗೆ ದುಡಿಯೋರ ಕಷ್ಟ ನಿಂಗೇನು ಗೊತ್ತು?" ಎಂದರು. ನನ್ನ ಹಟ ಇನ್ನೂ ಗಟ್ಟಿಯಾಯಿತು.

ಆದರೆ ಮೈಗೆ ಹಟ ಅರ್ಥವಾಗುವುದಿಲ್ಲ. ಕೊಯ್ಲಿನ ಕಾಲದಲ್ಲಿ ಕಣ ನೋಡಿಕೊಳ್ಳುವುದು ನಮ್ಮಲ್ಲಿ ಮನೆಯ ಹೆಂಗಸರ ಪಾಲಿಗೆ. ಇಬ್ಬನಿ ಆರಿದ ಮೇಲೆ ಟಾರ್ಪಾಲು ತೆಗೆದು ಕಾಫಿ ಹರವಬೇಕು. ಬಿಸಿಲೇರಿದ ಹಾಗೆ ಅದರ ನಡುವೆ ಕಾಲೆಳೆಯುತ್ತ ಆ ತುದಿಯಿಂದ ಈ ತುದಿಗೆ ನಡೆದು ಸಾಲು ಮಾಡಬೇಕು, ಮತ್ತೆ ಅಡ್ಡ ನಡೆದು ಅದನ್ನು ಕೆಡಿಸಬೇಕು. ಸಂಜೆಗೆ ಹಲಗೆಯಿಂದ ಎಳೆದು ಗುಡ್ಡೆ ಮಾಡಿ ಮುಚ್ಚಬೇಕು. ನಡುವೆ ಅಡಿಗೆ, ದನದ ಕೊಟ್ಟಿಗೆ, ಕೆಲಸದವರಿಗೆ ಕಾಫಿ. ಒಂದು ದಿನ ಹೀಗೆ ಸಾಲು ಎಳೆಯುತ್ತ ಅರ್ಧ ಕಣ ದಾಟಿದ್ದೆನೋ ಇಲ್ಲವೋ, ಬಿಸಿಲೇ ಕಪ್ಪಾದ ಹಾಗಾಯಿತು. ಬೀಳಬಾರದೆಂದು ಕೂತೆ. ಮನೆಯ ಯಜಮಾನರು ಹೇಳಿದ್ದ ಹಾಗೆ ಕೊನೆಗೂ ಕೂತೆ ಎಂದು ಆ ಹೊತ್ತಿನಲ್ಲೂ ಅನ್ನಿಸಿತು.

ಕಣ್ಣು ಬಿಟ್ಟಾಗ ಎದುರಿಗೆ ಅತ್ತೆ. ಜಗಲಿಯಿಂದ ಕಣಕ್ಕೆ ಹದಿನಾರು ಮೆಟ್ಟಿಲು. ಕೋಲು ಮೇಲೇ ಬಿಟ್ಟು ಇಳಿದು ಬಂದಿದ್ದರು. ನನ್ನ ಬಾಯಿಗೆ ಬೆಲ್ಲದ ಚೂರು ತುರುಕಿ, "ಬೆಳಿಗ್ಗೆ ಏನು ತಿಂದೆಯೇ?" ಎಂದರು.

"ಅರ್ಧ ರೊಟ್ಟಿ."

"ಅರ್ಧ ರೊಟ್ಟಿ ತಿಂದು ಕಣಕ್ಕೆ ಇಳಿದ್ಯಾ? ಯಾರು ಹೇಳಿದ್ದು ನಿಂಗೆ?"

"ಫೋನು."

ಅತ್ತೆ ಫೋನಿನ ತಾಯಿ ತಂದೆಯರನ್ನೆಲ್ಲ ಸೇರಿಸಿ ಬೈದರು. ಅಷ್ಟರಲ್ಲಿ ಜೀಪು ಬಂತು. ಇವರು ನನ್ನನ್ನು ನೋಡಿ ಬೆಳ್ಳಗಾದರು. ಡಾಕ್ಟರಮ್ಮನ ನಂಬರು ಒತ್ತಲು ಎರಡು ಸಲ ತಪ್ಪಿತು. ಇಷ್ಟೆಲ್ಲ ಕೀಟಲೆ ಮಾಡುತ್ತೇನೆ, ಆದರೆ ಅದನ್ನು ನೋಡಿ ನನ್ನ ಹಟ ಅರ್ಧ ಕರಗಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಡಾಕ್ಟರಮ್ಮ ಎಲ್ಲ ಕೇಳಿ, "ಓಡಾಟ ಎಷ್ಟು ಅಂತ ಹಾಕಿದ್ರಿ ಇವರಿಗೆ?" ಎಂದರು. ಫೋನಿನ ಧ್ವನಿ ದೊಡ್ಡದಾಗಿತ್ತು, ಎಲ್ಲರಿಗೂ ಕೇಳಿಸಿತು.

"ಕೂತಿರೋರು ಅಂತ. ಮನೇಲೇ ಇರ್ತಾಳೆ ಮೇಡಂ."

"ಮನೇಲಿ ಏನು ಮಾಡ್ತಾರೆ?"

"ಏನಿಲ್ಲ, ಅಡಿಗೆ. ಆಮೇಲೆ ಕಣ. ಕಣ ಅಂದ್ರೆ ಬೆಳಿಗ್ಗೆಯಿಂದ ಸಂಜೆ ತನಕ… ಹಾಲು ಕರೆಯೋದು. ಕೊಟ್ಟಿಗೆ. ಮೆಣಸು ಬಿಡಿಸೋದು. ಕೆಲಸದವರಿಗೆ ಕಾಫಿ ಎರಡು ಹೊತ್ತು. ಹಿತ್ತಲಲ್ಲಿ ತರಕಾರಿ…" ಹೇಳುತ್ತ ಹೇಳುತ್ತ ಇವರ ದನಿ ಇಳಿಯುತ್ತ ಬಂತು. "ಅಮ್ಮನ್ನ ನೋಡ್ಕೊಳ್ಳೋದು" ಎಂಬುದು ನನಗೂ ಸರಿಯಾಗಿ ಕೇಳಿಸಲಿಲ್ಲ.

"ಇದಕ್ಕೆ ಕೂತಿರೋರು ಅಂತ ಹಾಕಿದ್ರಾ?" ಎಂದರು ಡಾಕ್ಟರಮ್ಮ. "ಸರಿ, ನಿಮಗೆ ಏನು ಹಾಕ್ಕೊಂಡಿದೀರಿ?"

"ಸಿಗ್ನಲ್ ಹೋಗ್ತಿದೆ ಮೇಡಂ" ಎಂದರು ಇವರು. ಸಿಗ್ನಲ್ ಚೆನ್ನಾಗಿಯೇ ಇತ್ತು.

ಎರಡು ದಿನ ನಾನು ಏಳಕೂಡದೆಂದು ಅಪ್ಪಣೆಯಾಯಿತು. ಕಣವನ್ನು ಇವರು ವಹಿಸಿಕೊಂಡರು. ನಾನು ಜಗಲಿಯಲ್ಲಿ ಅತ್ತೆಯ ಪಕ್ಕ ಕುರ್ಚಿ ಹಾಕಿಕೊಂಡು, ತುಪ್ಪ ಹಾಕಿದ ರೊಟ್ಟಿ ತಿನ್ನುತ್ತ, ಕಣದ ಕಡೆ ಮುಖ ಮಾಡಿ ಕೂತೆ. ಇಂಥ ಸುಖ ಮದುವೆಯಾದ ಮೇಲೆ ಕಂಡದ್ದು ಅದೇ ಮೊದಲು. ಇವರು ಹ್ಯಾಟು ಹಾಕಿ ಇಳಿದರು. ಮೊದಲ ಸಾಲು ಜೋರಾಗಿಯೇ ಎಳೆದರು. ಎರಡನೆಯದಕ್ಕೆ ಹ್ಯಾಟು ತೆಗೆದರು. ಆಮೇಲೆ ಅಂಗಿಯ ಗುಂಡಿ ಬಿಚ್ಚಿದರು. ಹತ್ತು ಗಂಟೆಯ ಸುಮಾರಿಗೆ ಕಣದ ನಡುವೆ ನಿಂತು ಮೇಲೆ ನೋಡಿ, "ಇದನ್ನ ದಿನಕ್ಕೆ ಎಷ್ಟು ಸಲ ಮಾಡ್ಬೇಕು?" ಎಂದು ಕೇಳಿದರು.

"ಒಣಗೋ ತನಕ" ಎಂದೆವು ನಾನು, ಅತ್ತೆ ಇಬ್ಬರೂ ಒಂದೇ ಸಲ.

ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿ, ಮೆಟ್ಟಿಲು ಹತ್ತಿ ಬಂದು, ಕೊನೆಯ ಮೆಟ್ಟಿಲಲ್ಲೇ ಕೂತರು. ಮಂಡಿ ಒತ್ತಿಕೊಳ್ಳುತ್ತಿದ್ದರು. "ಉಸ್ಸಪ್ಪಾ" ಎನ್ನಲಿಲ್ಲ. ತುಂಬ ದಣಿದವರು ಅದನ್ನು ಹೇಳುವುದಿಲ್ಲವೆಂದು ಕಾಣುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಫೋನು ತೆಗೆದು, ನನ್ನ ಹೆಸರಿನ ಪುಟ ತೆರೆದು, ಮೊದಲನೆಯ ಸಾಲು ಅಳಿಸಿ ನಾಲ್ಕನೆಯದನ್ನು ಒತ್ತಿದರು. ನನಗೆ ತೋರಿಸಿದರು. ನಾನು ತಲೆಯಾಡಿಸಿದೆ.

ಆಮೇಲೆ ತಮ್ಮ ಪುಟ ತೆರೆದರು. ಬೆರಳು ಮೊದಲನೆಯ ಸಾಲಿನ ಮೇಲೆ ಬಂದು ಗಾಳಿಯಲ್ಲೇ ನಿಂತಿತು. ಇಳಿಯಲಿಲ್ಲ.

"ಒತ್ತಿ" ಎಂದೆ.

"ಅಪ್ಪ ಇದ್ದಿದ್ರೆ ಏನಂತಿದ್ರೋ" ಎಂದರು. ದನಿಯಲ್ಲಿ ತಮಾಷೆಯಿರಲಿಲ್ಲ. "ಅವರು ದಿನಾ ಕಲ್ಲಿನ ತನಕ ಹತ್ತಿದ್ರು. ನಾನು ಕೂತಿರೋನು ಅಂತ ನಾನೇ ಹೇಗೆ ಒತ್ಲಿ?"

ನನಗೆ ಆಗ ಅರ್ಥವಾಯಿತು. ಇಷ್ಟು ದಿನ ಅದು ಇವರ ಜಂಭವೆಂದುಕೊಂಡಿದ್ದೆ. ಅದು ಹೆದರಿಕೆ. ಒಮ್ಮೆ ಒತ್ತಿಬಿಟ್ಟರೆ ಆ ಕಲ್ಲು ಖಾಯಂ ಕೈತಪ್ಪಿದ ಹಾಗೆ ಎಂದುಕೊಂಡಿದ್ದರು. ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ನಗು ಕೇಳಿಸಿತು. ಅತ್ತೆ ಬಾಯಿಯ ಎಲೆ ಅಡಿಕೆ ಉಗಿದು ಬಂದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಮತ್ತೆ ನಕ್ಕರು.

"ನಿಮ್ಮಪ್ಪ ಕಲ್ಲಿನ ತನಕ ಹೋಗ್ತಿದ್ದಿದ್ದು ಹೌದು ಕಣೋ ಮಗ. ಹೋಗಿ ಅದರ ಮೇಲೆ ಕೂರೋರು. ಆಮೇಲೆ ಎಂತ ಮಾಡ್ತಿದ್ರು ಗೊತ್ತಾ?"

"ಎಂತ?"

"ಏನೂ ಇಲ್ಲ. ಅಲ್ಲಿಂದ ತೋಟ ನೋಡೋದು. ಕೂತಲ್ಲಿಗೇ ರೊಟ್ಟಿ ಬರ್ಬೇಕು, ಫ್ಲಾಸ್ಕಲ್ಲಿ ಕಾಫಿ ಬರ್ಬೇಕು. ಮಧ್ಯಾಹ್ನ ಊಟ ಬರ್ಬೇಕು, ಬಿಸಿ ಆರಿರ್ಬಾರ್ದು. ಸಂಜೆ ತಂಪಾದ್ಮೇಲೆ ಕೋಲು ಬೀಸ್ಕೊಂಡು ಇಳಿದು ಬರೋರು."

ಇವರು ಫೋನಿನಿಂದ ತಲೆ ಎತ್ತಿದರು. "ಮತ್ತೆ ಅಷ್ಟು ದೂರ ಊಟ ಯಾರು ತಗೊಂಡು ಹೋಗ್ತಿದ್ದಿದ್ದು?" ಎಂದರು.

ಅತ್ತೆ ಸೀರೆಯನ್ನು ಒಂದು ಗೇಣು ಮೇಲೆತ್ತಿ ತಮ್ಮ ಕಾಲು ತೋರಿಸಿದರು. ಒಣಗಿದ ಕಾಫಿ ಗಿಡದ ಕಾಂಡದಂಥ ಕಾಲು, ಎಂಬತ್ತು ದಾಟಿದರೂ ನೆಟ್ಟಗಿದೆ. ಬೆಳಿಗ್ಗೆ ರೊಟ್ಟಿಗೊಂದು ಸಲ, ಮಧ್ಯಾಹ್ನ ಊಟಕ್ಕೊಂದು ಸಲ, ಬಸುರಿಯಾಗಿದ್ದಾಗಲೂ ಹತ್ತಿ ಇಳಿದ ಕಾಲು.

"ನೀನ್ಯಾಕಮ್ಮ ಇದನ್ನ ಯಾವತ್ತೂ ಹೇಳ್ಲಿಲ್ಲ?"

"ಯಾರು ಕೇಳಿದ್ರು? ನೀನು ದಿನಾ ಎಷ್ಟು ಓಡಾಡ್ತೀಯೇ ಅಂತ ನನ್ನ ಇಷ್ಟು ವರ್ಷದಲ್ಲಿ ಕೇಳಿದ್ದು ನಿನ್ನ ಆ ಫೋನೊಂದೇ. ಅದಕ್ಕೂ ನೀನೇ ಉತ್ತರ ಹೇಳಿಬಿಟ್ಟೆ."

ನಾನು ಗೋಡೆಯ ಫೋಟೋ ಕಡೆ ನೋಡಿದೆ. ಮಾವನವರು ಹ್ಯಾಟು ಹಾಕಿ, ಊರುಗೋಲು ಹಿಡಿದು, ಯಾವುದೋ ತುಂಬಾ ಕೆಲಸವಿರುವವರ ಹಾಗೆ ನಿಂತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಇವರೂ ನೋಡಿದರು. ಮೊದಲು ಸಿಟ್ಟಾದವರ ಹಾಗೆ ಕಂಡಿತು, ಆಮೇಲೆ ಭುಜ ಕುಲುಕತೊಡಗಿತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕ ಮೇಲೆ ಇವರು ಯಾರೂ ಹೇಳದೆ ಮೊದಲನೆಯ ಸಾಲನ್ನು ಒತ್ತಿದರು. ಬಹಳ ಹಗುರಾಗಿ ಒತ್ತಿದರು.

ಆಮೇಲಿನ ದಿನಗಳ ಸಂಕಟ ಏನು ಹೇಳಲಿ! ಆ್ಯಪು ಇವರಿಗೆ ಈಗ ಕೊಡುವುದನ್ನು ನೋಡಿ, "ಇದು ಬೆಳಿಗ್ಗೆಗಾ, ಇಡೀ ದಿನಕ್ಕಾ?" ಎಂದು ಕೇಳಿದರು. ಕಡುಬನ್ನು ಕಡುಬಿನಷ್ಟೇ ದೊಡ್ಡದಾಗಿ ಬರೆಯಬೇಕಾಯಿತು. ಕೋಡುಬಳೆಯ ಡಬ್ಬಿ ಅತ್ತೆಯ ಕೋಣೆಗೆ ಹೋಯಿತು. ನೆಂಟರ ಮನೆಗಳಲ್ಲಿ ಇವರು ಬರೀ ಸಕ್ಕರೆಯಿಲ್ಲದ ಕಾಫಿ ಕುಡಿದು ಎದ್ದುಬಂದದ್ದಕ್ಕೆ ನಾನು ಇಂದಿಗೂ ಸಮಾಧಾನ ಹೇಳುತ್ತಿದ್ದೇನೆ. ಜೀಪು ಮನೆಯ ಮುಂದೆಯೇ ನಿಂತಿರುವುದು ಕಂಡು, ಕೆಟ್ಟಿದೆಯಾ ಎಂದು ಮೇಸ್ತ್ರಿ ವಿಚಾರಿಸಿದ. ಕಣದಲ್ಲಿ ಬೆಳಿಗ್ಗೆಯ ಸಾಲು ನನ್ನದು, ಮಧ್ಯಾಹ್ನದ ಸಾಲು ಇವರದು ಎಂದಾಯಿತು. ಇವರ ಸಾಲು ಈಗಲೂ ಸೊಟ್ಟ. ನಾನು ತಿದ್ದುವುದಿಲ್ಲ. ಕಾಫಿ ಸೊಟ್ಟ ಸಾಲಿನಲ್ಲೂ ಒಣಗುತ್ತದೆ.

ಕೊಯ್ಲು ಮುಗಿದ ಮೇಲೆ ಇವರು ಏರು ಹತ್ತಲು ಶುರುಮಾಡಿದರು. ಮೊದಲು ಹಲಸಿನ ಮರದ ತನಕ. ಕೆಲವು ವಾರ ಅಲ್ಲಿಂದಲೇ ವಾಪಸ್ಸು. ಆಮೇಲೆ ಬೇಲಿಯ ತನಕ. ನಾನು ಕೇಳಿದರೆ, "ಸುಮ್ನೆ ಗಿಡ ನೋಡಕ್ಕೆ ಹೋಗಿದ್ದೆ" ಎನ್ನುತ್ತಿದ್ದರು. ತಕ್ಕಡಿಯ ಕೊಕ್ಕೆಯನ್ನು ಮತ್ತೆ ಹಿಡಿದದ್ದನ್ನು ನಾನು ನೋಡಿಲ್ಲ. ಬಚ್ಚಲ ಪಕ್ಕದ ಯಂತ್ರದ ಮೇಲೆ ನಿಂತು ಅವರು ಒಬ್ಬರೇ ಸಿಳ್ಳೆ ಹಾಕುವುದನ್ನು ಒಮ್ಮೆ ಕೇಳಿದ್ದೇನೆ.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮಾರನೆಯ ವಾರ, ಬೆಳಿಗ್ಗೆ ಒಂಬತ್ತಾದರೂ ಇವರ ಸುಳಿವಿಲ್ಲ. ಜೀಪು ಅಲ್ಲೇ ಇದೆ. ಅತ್ತೆ ಎರಡು ಸಲ ಎದ್ದು ಅಂಗಳ ನೋಡಿ ಬಂದರು. ಆಗ ನನ್ನ ಫೋನು ಹೊಡೆದುಕೊಂಡಿತು. ನಮ್ಮ ತೋಟದಲ್ಲಿ ಮನೆ ಬಿಟ್ಟರೆ ಸಿಗ್ನಲ್ ಸಿಗುವುದು ಒಂದೇ ಕಡೆ. ಹೆಸರು ನೋಡಿದ ಕೂಡಲೇ ಎಲ್ಲಿಂದ ಎಂದು ನನಗೆ ಗೊತ್ತಾಯಿತು. ಅತ್ತೆಗೂ ಕೇಳಲೆಂದು ಧ್ವನಿ ದೊಡ್ಡದು ಮಾಡಿದೆ.

"ಬಂದೆ ಮಾರಾಯ್ತಿ" ಎಂದರು. ಏದುಸಿರು. "ಕಲ್ಲಿನ ಮೇಲೆ ಕೂತಿದೀನಿ. ಇಡೀ ತೋಟ ಹೂವಾಗಿದೆ. ಕೆಳಗೆ ಮನೆ ಹೆಂಚು ಕಾಣ್ತದೆ."

"ಮಂಡಿ?"

"ಇದೆ." ಆಮೇಲೆ ದನಿ ತಗ್ಗಿಸಿ, "ಒಂದು ವಿಷ್ಯ ಹೇಳ್ತೀನಿ, ಅಮ್ಮಂಗೆ ಹೇಳ್ಬೇಡ. ಇಲ್ಲಿ ಕೂತ್ರೆ ವಿಪರೀತ ಹಸಿವಾಗ್ತದೆ. ಅಪ್ಪಂದು ಪೂರ್ತಿ ತಪ್ಪಲ್ಲ" ಎಂದರು.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ನನಗೂ ಅದೇನನ್ನಿಸಿತೋ, "ರೊಟ್ಟಿ ತರ್ಲಾ?" ಎಂದುಬಿಟ್ಟೆ. ಕೀಟಲೆಗೆಂದು ಕೇಳಿದ್ದಲ್ಲ. ಅವರು ಹೌದೆಂದಿದ್ದರೆ ಖಂಡಿತ ಹೊರಟುಬಿಡುತ್ತಿದ್ದೆ.

ಆ ಕಡೆ ಗಾಳಿಯ ಸದ್ದು ಮಾತ್ರ ಕೇಳುತ್ತಿತ್ತು.

"ಬೇಡ" ಎಂದರು. "ನಾನೇ ಇಳಿದು ಬಂದು ತಿಂತೀನಿ."

ಅತ್ತೆಯ ನಗು ನಿಂತಿತು. ಫೋನು ಇಟ್ಟ ಮೇಲೂ ದಿಣ್ಣೆಯ ಕಡೆ ನೋಡುತ್ತ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ, "ಅವರಪ್ಪ ಒಂದು ದಿನಾನೂ ಈ ಮಾತು ಅಂದಿದ್ದಿಲ್ಲ ಕಣೇ ಸರೋಜ" ಎಂದರು. ಕಣ್ಣು ಒರೆಸಿಕೊಂಡು, ನಾನು ಬೇಡವೆಂದರೂ ಕೇಳದೆ ಅಡಿಗೆಮನೆಗೆ ಹೋಗಿ ತಾವೇ ಒಲೆಯ ಮೇಲೆ ಕಾವಲಿ ಇಟ್ಟರು. ಆ ದಿನ ಇವರಿಗೆ ಎಷ್ಟು ರೊಟ್ಟಿ ಎಂದು ನಾನು ಫೋನಿನಲ್ಲಿ ನೋಡಲಿಲ್ಲ.